‘ಡಿಸ್ಕ್ ಹೋಗಿದೆ’ ಅಂದರು, ಕರ್ನಲ್ ಹೇಳಿದ್ದೇನು?

ಫೋನ್ ಆನ್ ಮಾಡಿದಾಗ ಕಂಪನಿಯ ಹೆಸರು ಬಂದು ಅಲ್ಲೇ ನಿಂತುಬಿಡುವುದನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಗುಂಡಿ ಒತ್ತಿದಾಗಿನಿಂದ ಪರದೆ ತೆರೆದುಕೊಳ್ಳುವ ತನಕ ಒಳಗೆ ನಡೆಯುವ ಕೆಲಸಕ್ಕೆ ಬೂಟ್ ಆಗುವುದು ಅನ್ನುತ್ತಾರೆ. ಆ ಕೆಲಸ ಎಲ್ಲಿ ನಿಂತಿತು, ಯಾಕೆ ನಿಂತಿತು ಅಂತ ಫೋನ್ ಹೇಳುವುದಿಲ್ಲ. ಲೋಗೋ ತೋರಿಸಿಕೊಂಡು ಕೂತಿರುತ್ತದೆ. ಅದೇ ಲಿನಕ್ಸ್ ಹಾಕಿದ ಕಂಪ್ಯೂಟರ್ ಆದರೆ ನಿಂತ ಜಾಗದಲ್ಲಿ ಪರದೆಯ ತುಂಬ ಬಿಳಿ ಅಕ್ಷರದಲ್ಲಿ ಕಾರಣ ಬರೆದುಬಿಡುತ್ತದೆ. ಅದನ್ನು ಓದಲು ಕೂರುವವರು ಕಡಿಮೆ, ಅಷ್ಟೆ.

ನಿಮ್ಮ ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಲಿನಕ್ಸ್ ಕರ್ನಲ್ಲೇ. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲು ಶುರುಮಾಡಿದ್ದು. ಯಂತ್ರದ ಮೆಮೊರಿ, ಡಿಸ್ಕ್, ಕೀಲಿಮಣೆ ಎಲ್ಲದರ ಉಸ್ತುವಾರಿ ನೋಡುವ ಮೂಲ ತಂತ್ರಾಂಶಕ್ಕೆ ಕರ್ನಲ್ ಅನ್ನುತ್ತಾರೆ. ಹಾಗಾಗಿ ಈ ಬರಹ ಲ್ಯಾಪ್‌ಟಾಪ್ ಇಲ್ಲದವರಿಗೂ ಪೂರಾ ಹೊರಗಿನದಲ್ಲ.

ನಮ್ಮ ಬಳಗದ ಹಳೆಯ ಲ್ಯಾಪ್‌ಟಾಪ್ ಬಗ್ಗೆ ಹೇಳಬೇಕು. 10 ಇಂಚಿನ ಪುಟ್ಟ ಯಂತ್ರ, ಆಟಮ್ ಪ್ರೊಸೆಸರ್, 1 ಜಿಬಿ ರ‍್ಯಾಮ್, 160 ಜಿಬಿ ಡಿಸ್ಕ್, 32 ಬಿಟ್. ಅದರಲ್ಲಿ ಡೆಬಿಯನ್ 12 ಓಡುತ್ತಿತ್ತು. ಬ್ಯಾಟರಿ ಸತ್ತು ವರ್ಷಗಳಾಗಿದ್ದರಿಂದ ನೇರ ಕರೆಂಟಿನಲ್ಲೇ ನಡೆಯುತ್ತಿತ್ತು. ಒಂದು ಸಂಜೆ ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋಯಿತು. ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಕಪ್ಪು ಪರದೆ, ಬಿಳಿ ಅಕ್ಷರ, ಕೊನೆಯಲ್ಲಿ ಒಂದು ಸಾಲು: ‘ಕರ್ನಲ್ ಪ್ಯಾನಿಕ್, ನಾಟ್ ಸಿಂಕಿಂಗ್, ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (0,0)’.

ಅದರೊಳಗೆ ನಮ್ಮ ಸೀಮೆಯ ಕೆರೆಗಳ ನೀರುಗಂಟಿಗಳ ಮಾತುಗಳಿದ್ದವು. ತೂಬು ಎಷ್ಟು ಎತ್ತಿದರೆ ಯಾವ ಬಯಲಿಗೆ ನೀರು ಮುಟ್ಟುತ್ತದೆ, ಬರಗಾಲದಲ್ಲಿ ಸರದಿ ಹೇಗೆ ಹಂಚುತ್ತಿದ್ದರು, ಯಾರ ಗದ್ದೆಗೆ ಮೊದಲು ಅಂತ ಜಗಳವಾದರೆ ಯಾರ ಮಾತು ನಡೆಯುತ್ತಿತ್ತು, ಇಂಥವು. ಸಣ್ಣ ತುಣುಕುಗಳನ್ನು ಕತ್ತರಿಸಿ ಇಲ್ಲೇ ಹಾಕಿದ್ದೆವು, ಕೇಳಿದ್ದೀರಿ. ಪೂರ್ತಿ ಧ್ವನಿ ಮಾತ್ರ ಆ ಡಿಸ್ಕಿನಲ್ಲೇ ಇತ್ತು. ಮಾತಾಡಿದವರಲ್ಲಿ ಇಬ್ಬರು ಅಜ್ಜಂದಿರು ಈಗ ಇಲ್ಲ.

ಪಟ್ಟಣದ ರಿಪೇರಿ ಅಂಗಡಿಗೆ ಒಯ್ದೆವು. ಅಣ್ಣ ಪರದೆ ನೋಡಿದರು, ಅರ್ಧ ನಿಮಿಷ ಹಿಡಿಯಲಿಲ್ಲ.

‘ಹಾರ್ಡ್ ಡಿಸ್ಕ್ ಹೋಗಿದೆ ಕಣ್ರಪ್ಪ. ಹೊಸದು ಹಾಕಿ ವಿಂಡೋಸ್ ಹೊಡ್ಕೊಡ್ತೀನಿ.’

‘ಒಳಗಿರೋದು, ಅಣ್ಣಾ?’

‘ಡಿಸ್ಕೇ ಇಲ್ಲ ಅಂದ್ಮೇಲೆ ಒಳಗೇನಿರ್ತದೆ?’

ಅವರ ತರ್ಕ ಪೂರಾ ಹುರುಳಿಲ್ಲದ್ದೂ ಅಲ್ಲ. ‘ಮೌಂಟ್ ಮಾಡಲು ಆಗುತ್ತಿಲ್ಲ’ ಅಂತ ಯಂತ್ರವೇ ಹೇಳುತ್ತಿದೆ. ಸಂದೇಶದ ಮೇಲಿನ ಭಾಗದಲ್ಲಿ ‘ಇರುವ ಪಾರ್ಟಿಶನ್‌ಗಳು ಇವು’ ಅಂತ ಒಂದು ಸಾಲಿತ್ತು. ಅದರ ಕೆಳಗೆ ಪಟ್ಟಿ ಬರಬೇಕಾದ ಜಾಗ ಖಾಲಿ. ಡಿಸ್ಕ್ ಸತ್ತಿದ್ದರೂ ಹೀಗೇ ಕಾಣಬಹುದು. ನಮ್ಮ ಪ್ರಶ್ನೆ ಇಷ್ಟೇ: ಡಿಸ್ಕ್ ಗಟ್ಟಿಮುಟ್ಟಾಗಿ ಇದ್ದಾಗಲೂ ಇದೇ ಸಂದೇಶ ಬರುವ ಸಾಧ್ಯತೆ ಇದೆಯೇ? ಇದ್ದರೆ ಈ ಪರದೆಯ ಆಧಾರದ ಮೇಲೆ ತೀರ್ಪು ಕೊಡಲಾಗದು. ಒಬ್ಬರ ಹೇಳಿಕೆಯಿಂದಲೇ ಸುದ್ದಿ ಬರೆಯಬೇಡಿ ಅಂತ ನಮಗೆ ತರಗತಿಯಲ್ಲಿ ಎರಡು ವರ್ಷ ಹೇಳಿಕೊಟ್ಟಿದ್ದರಲ್ಲ.

ಪರದೆಯ ಫೋಟೋ ತೆಗೆದುಕೊಂಡು ಲ್ಯಾಪ್‌ಟಾಪ್ ಆಫ್ ಮಾಡಿ ಬ್ಯಾಗಿಗೆ ಹಾಕಿಕೊಂಡು ಬಂದೆವು. ಆಮೇಲೆ 11 ದಿನ ಅದನ್ನು ಆನ್ ಮಾಡಲಿಲ್ಲ. ಅಂಗಡಿಯವರ ಮಾತು ಅರ್ಧ ನಿಜವಾಗಿದ್ದರೂ ಸಾಯುತ್ತಿರುವ ಡಿಸ್ಕನ್ನು ಪದೇ ಪದೇ ತಿರುಗಿಸಿದರೆ ಉಳಿದಿದ್ದೂ ಹೋಗುತ್ತದೆ. ಪ್ರಯೋಗವೆಲ್ಲ ಬೇರೆ ಕಡೆ ನಡೆಯಬೇಕಿತ್ತು.

ಆ ಬೇರೆ ಕಡೆ ಅಂದರೆ ವರ್ಚುವಲ್ ಮಶೀನ್. ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಇನ್ನೊಂದು ಕಂಪ್ಯೂಟರ್ ಇರುವಂತೆ ಮಾಡುವುದು. ಅದಕ್ಕೆ ಪ್ರೊಸೆಸರ್ ಉಂಟು, ರ‍್ಯಾಮ್ ಉಂಟು, ಡಿಸ್ಕ್ ಉಂಟು. ಆದರೆ ಆ ಡಿಸ್ಕ್ ಅಂದರೆ ನಿಜದಲ್ಲಿ ಒಂದು ಫೈಲ್. ಕೆಟ್ಟರೆ ಅಳಿಸಿ ಇನ್ನೊಂದು ಮಾಡಿಕೊಂಡರಾಯಿತು, ಸಾವಿರ ಸಲ ಕೆಡಿಸಿದರೂ ನಯಾಪೈಸೆ ಖರ್ಚಿಲ್ಲ. ನಾವು ಬಳಸಿದ್ದು ಕ್ಯೂಎಮು ಅನ್ನುವ ಉಚಿತ ತಂತ್ರಾಂಶ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದಿದ್ದು. ಗೆಳತಿಯ 4 ಜಿಬಿ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿ, ನಮ್ಮ ಹಳೆಯ ಯಂತ್ರದಂತೆಯೇ 32 ಬಿಟ್ ಪ್ರೊಸೆಸರ್ ಇರುವ ಮಶೀನ್ ಒಂದನ್ನು ಕಟ್ಟಿಕೊಂಡೆವು.

ಇಲ್ಲಿ ಕೆಲವರು ಕೇಳುತ್ತಾರೆ: ಡಿಸ್ಕ್ ಬಿಚ್ಚಿ ಕೇಬಲ್ ಹಾಕಿ ಓದಬಹುದಲ್ಲ? ಓದಬಹುದು. ನಮ್ಮ ಮಾಡೆಲ್‌ನಲ್ಲಿ ಡಿಸ್ಕ್ ಇರುವುದು ಕೀಬೋರ್ಡ್ ಮತ್ತು ಬೋರ್ಡು ಎರಡರ ಕೆಳಗೆ, ಅಲ್ಲಿನ ಒಂದು ಸ್ಕ್ರೂ ತಲೆ ಸವೆದು ಹೋಗಿದೆ. ಲೈವ್ ಪೆನ್‌ಡ್ರೈವ್ ಹಾಕಬಹುದಲ್ಲ? ಈಗ ಸಿಗುವ ಬಹುಪಾಲು ಲೈವ್ ಲಿನಕ್ಸ್‌ಗಳು 64 ಬಿಟ್ಟಿನವು. ಉಬುಂಟು ತನ್ನ 32 ಬಿಟ್ ಡೆಸ್ಕ್‌ಟಾಪನ್ನು 2017ರಲ್ಲೇ ಕೈಬಿಟ್ಟಿತು. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇಂಟೆಲ್ ಯಂತ್ರಗಳಿಗೆ ಇನ್‌ಸ್ಟಾಲರ್ರೇ ಇಲ್ಲ. ಹಳ್ಳಿಯಲ್ಲಿ ಇನ್ನೂ ಓಡುವ ಯಂತ್ರಗಳನ್ನು ಪೇಟೆ ಹೀಗೆ ಒಂದೊಂದಾಗಿ ಮರೆಯುತ್ತದೆ. ಟೈನಿ ಕೋರ್ ಅನ್ನುವ ಸಿದ್ಧ ಪುಟಾಣಿ ಲಿನಕ್ಸ್ ಇದೆ, ಫೈಲ್ ತೆಗೆಯುವುದಷ್ಟೇ ಬೇಕಿದ್ದರೆ ಅದು ಸಾಕು. ನಮಗೆ ಆ ಸಂದೇಶದ ಅರ್ಥವೂ ಬೇಕಿತ್ತು. ಅದಕ್ಕೇ ಏನೂ ಇಲ್ಲದ ಮಶೀನಿನಿಂದ ಶುರುಮಾಡಿ, ಕರ್ನಲ್ ಏನು ಕೇಳುತ್ತದೋ ಅದನ್ನು ಮಾತ್ರ ಒಂದೊಂದಾಗಿ ಕೊಡುತ್ತ ಹೋಗೋಣ ಅಂತ ನಿಶ್ಚಯಿಸಿದೆವು.

ಮೊದಲ ಪ್ರಯೋಗ. ಫೋಟೋದಲ್ಲಿ ಕಾಣುವ ಅದೇ ಆವೃತ್ತಿಯ ಡೆಬಿಯನ್ ಕರ್ನಲ್ ಫೈಲನ್ನು ಇಳಿಸಿಕೊಂಡು ವರ್ಚುವಲ್ ಮಶೀನಿಗೆ ಕೊಟ್ಟೆವು. ಡಿಸ್ಕ್ ಇಲ್ಲ, ಬೇರೇನೂ ಇಲ್ಲ. ಬಂದ ಸಂದೇಶ: ಅನ್‌ನೋನ್ ಬ್ಲಾಕ್ (0,0). ಸರಿ, ಡಿಸ್ಕ್ ಇಲ್ಲದಿದ್ದರೆ ಹೀಗೆ ಬರುತ್ತದೆ ಅಂತಾಯಿತು. ಅಂಗಡಿಯಣ್ಣನ ಪರವಾಗಿ ಒಂದು ಸಾಕ್ಷಿ.

ಎರಡನೇ ಪ್ರಯೋಗ. 100 ಎಂಬಿಯ ಒಂದು ಡಿಸ್ಕ್ ಫೈಲ್ ಮಾಡಿ, ಅದನ್ನು ಚೊಕ್ಕವಾಗಿ ಫಾರ್ಮ್ಯಾಟ್ ಮಾಡಿ ಸಿಕ್ಕಿಸಿದೆವು. ಹೊಚ್ಚಹೊಸ ಡಿಸ್ಕ್, ಒಂದು ಕಲೆಯೂ ಇಲ್ಲ. ಮಿಕ್ಕಿದ್ದೆಲ್ಲ ಮೊದಲಿನಂತೆಯೇ. ಮತ್ತೆ (0,0). ಪಾರ್ಟಿಶನ್ ಪಟ್ಟಿ ಮತ್ತೆ ಖಾಲಿ. ಅಕ್ಷರ ಅಕ್ಷರಕ್ಕೂ ನಮ್ಮ ಫೋಟೋದಲ್ಲಿದ್ದ ಹಾಗೇ.

ಕುರ್ಚಿಯಿಂದ ಎದ್ದು ಟೀ ಕುಡಿದು ಬಂದೆವು. ಆರೋಗ್ಯವಾಗಿರುವ ಡಿಸ್ಕ್ ಎದುರಿಗಿದ್ದರೂ ಕರ್ನಲ್ಲಿಗೆ ಕಾಣುತ್ತಿಲ್ಲ. ಯಾಕೆ?

ಬೀಗ ಹಾಕಿದ ಮನೆ, ಕೀಲಿಕೈ ಮನೆಯ ಒಳಗೇ ಇದೆ ಅಂದುಕೊಳ್ಳಿ. ಡಿಸ್ಕನ್ನು ಓದಲು ಕರ್ನಲ್ಲಿಗೆ ಡ್ರೈವರ್ ಬೇಕು. ಲೋಕದಲ್ಲಿರುವ ನೂರೆಂಟು ಬಗೆಯ ಡಿಸ್ಕುಗಳ ಡ್ರೈವರ್‌ಗಳನ್ನೆಲ್ಲ ಕರ್ನಲ್ಲಿನ ಹೊಟ್ಟೆಗೇ ತುಂಬಿದರೆ ಅದು ವಿಪರೀತ ದಪ್ಪಗಾಗುತ್ತದೆ. ಹಾಗಾಗಿ ಡೆಬಿಯನ್‌ನವರು ಅವನ್ನು ಬೇರೆ ಬೇರೆ ಫೈಲುಗಳಾಗಿ ಡಿಸ್ಕಿನಲ್ಲಿ ಇಟ್ಟಿರುತ್ತಾರೆ. ಆದರೆ ಡಿಸ್ಕ್ ಓದದೆ ಡ್ರೈವರ್ ಸಿಗದು, ಡ್ರೈವರ್ ಇಲ್ಲದೆ ಡಿಸ್ಕ್ ಓದಲಾಗದು. ಇದಕ್ಕೆ ಮಾಡಿದ ಉಪಾಯದ ಹೆಸರು ಇನಿಟ್‌ರಾಮ್‌ಎಫ್‌ಎಸ್. ಬೇಕಾದ ಡ್ರೈವರ್‌ಗಳು, ಒಂದಿಷ್ಟು ಸಣ್ಣ ಸಲಕರಣೆಗಳು, ಇವನ್ನು ಒಂದು ಗಂಟು ಕಟ್ಟಿ ಇಟ್ಟಿರುತ್ತಾರೆ. ಬೂಟ್‌ಲೋಡರ್ ಕರ್ನಲ್ ಜೊತೆಗೆ ಆ ಗಂಟನ್ನೂ ನೇರ ಮೆಮೊರಿಗೆ ತಂದಿಡುತ್ತದೆ. ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಕೀಲಿಕೈ ಇದ್ದ ಹಾಗೆ. ಗಂಟು ಬರದಿದ್ದರೆ ಕರ್ನಲ್ ಬಾಗಿಲ ಮುಂದೆ ನಿಂತು ಮನೆಯೇ ಇಲ್ಲ ಅಂತ ಕೂಗುತ್ತದೆ.

ಆವರಣದೊಳಗಿನ ಆ ಎರಡು ಅಂಕಿಗಳಲ್ಲೇ ಸುಳಿವಿದೆ. ಮೊದಲನೆಯದು ಸಾಧನದ ಜಾತಿ, ಎರಡನೆಯದು ಅದರಲ್ಲಿ ಎಷ್ಟನೆಯದು ಅನ್ನುವುದು. (8,1) ಅಂತ ಬಂದಿದ್ದರೆ ಮೊದಲ ಡಿಸ್ಕಿನ ಮೊದಲ ಭಾಗವನ್ನು ಕರ್ನಲ್ ಗುರುತಿಸಿದೆ, ಒಳಗಿರುವುದನ್ನು ಓದಲು ಆಗುತ್ತಿಲ್ಲ ಅಂತ ಅರ್ಥ. (0,0) ಅಂದರೆ ಯಾವ ಡಿಸ್ಕಿನವರೆಗೂ ಅದು ತಲುಪಲೇ ಇಲ್ಲ. ಡಿಸ್ಕನ್ನು ಮುಟ್ಟದೆಯೇ ಡಿಸ್ಕ್ ಕೆಟ್ಟಿದೆ ಅಂತ ಹೇಳುವುದು ಹೇಗೆ?

ಇಷ್ಟು ಗೊತ್ತಾದ ಮೇಲೆ ಅನುಮಾನ ಬೇರೆ ಕಡೆ ತಿರುಗಿತು. ಅಪ್‌ಡೇಟಿನಲ್ಲಿ ಹೊಸ ಕರ್ನಲ್ ಬಂದಾಗ ಅದಕ್ಕೆ ಹೊಸ ಗಂಟನ್ನೂ ಕಟ್ಟಬೇಕಾಗುತ್ತದೆ. ಕರೆಂಟ್ ಹೋಗಿದ್ದು ಅದೇ ಹೊತ್ತಿಗೆ. ಆದರೆ ಅನುಮಾನ ಪುರಾವೆ ಆಗುವುದಿಲ್ಲ. ಲ್ಯಾಪ್‌ಟಾಪನ್ನು ಮುಟ್ಟುವ ಮೊದಲು ಕೈಯಲ್ಲಿ ನಂಬಬಹುದಾದ ಒಂದು ಸಲಕರಣೆ ಬೇಕಿತ್ತು: ಪೆನ್‌ಡ್ರೈವಿನಿಂದ ಎದ್ದು, ಡಿಸ್ಕಿಗೆ ಒಂದಕ್ಷರವನ್ನೂ ಬರೆಯದೆ, ಒಳಗಿರುವುದನ್ನು ಹೊರಗೆ ನಕಲು ಮಾಡುವಷ್ಟು ಸಣ್ಣ ಲಿನಕ್ಸ್.

ಅದಕ್ಕೆ ಕರ್ನಲ್ಲನ್ನು ನಾವೇ ಕಂಪೈಲ್ ಮಾಡಿದೆವು, ಡಿಸ್ಕ್, ಯುಎಸ್‌ಬಿ, ಫೈಲ್‌ಸಿಸ್ಟಮ್ ಇವುಗಳ ಡ್ರೈವರ್‌ಗಳನ್ನು ಹೊಟ್ಟೆಯೊಳಗೇ ಇಟ್ಟು. ಗೆಳತಿಯ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಫ್ಯಾನ್ ತಿರುಗಿಸಿತು. ಬೆಳಿಗ್ಗೆ ಆ ಕರ್ನಲ್ಲನ್ನು ಅದೇ 100 ಎಂಬಿ ಡಿಸ್ಕಿನ ಜೊತೆ ಎಬ್ಬಿಸಿದರೆ ಮತ್ತೆ ಪ್ಯಾನಿಕ್, ಆದರೆ ಮಾತು ಬೇರೆ: ‘ನೋ ವರ್ಕಿಂಗ್ ಇನಿಟ್ ಫೌಂಡ್’. ಖುಷಿಯಾಯಿತು. ಮನೆಯ ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ ಅಂತ ಅರ್ಥ. ಕರ್ನಲ್ ತನ್ನ ಕೆಲಸ ಮುಗಿಸಿ ಇನಿಟ್ ಎಂಬ ಮೊದಲ ಪ್ರೋಗ್ರಾಂಗೆ ಯಜಮಾನಿಕೆ ಬಿಟ್ಟುಕೊಡಬೇಕು. ಅದಕ್ಕಾಗಿ ನಾಲ್ಕು ಗೊತ್ತಾದ ಜಾಗಗಳಲ್ಲಿ ಹುಡುಕಿ, ಎಲ್ಲೂ ಸಿಗದಿದ್ದರೆ ಹೀಗೆ ಕೈಚೆಲ್ಲುತ್ತದೆ. ಖಾಲಿ ಡಿಸ್ಕಿನಲ್ಲಿ ಸಿಗುವುದೆಲ್ಲಿಂದ?

ಆ ಮೊದಲ ಪ್ರೋಗ್ರಾಂ ಮತ್ತು ಸಲಕರಣೆಗಳಿಗಾಗಿ ಬಿಜಿಬಾಕ್ಸ್ ಹಿಡಿದೆವು. ಇದರ ಕಥೆ ಚೆನ್ನಾಗಿದೆ. 1990ರ ದಶಕದ ನಡುವೆ ಬ್ರೂಸ್ ಪೆರೆನ್ಸ್ ಎಂಬವರು ಡೆಬಿಯನ್‌ನ ಇನ್‌ಸ್ಟಾಲರನ್ನು ಒಂದೇ ಒಂದು ಫ್ಲಾಪಿಯಲ್ಲಿ ಹಿಡಿಸಬೇಕಿತ್ತು. ಫ್ಲಾಪಿ ಅಂದರೆ 1.44 ಎಂಬಿ, ಈಗ ನಿಮ್ಮ ಫೋನ್ ತೆಗೆಯುವ ಒಂದು ಫೋಟೋ ಅದರಲ್ಲಿ ಕೂರುವುದು ಕಷ್ಟ. ಫೈಲ್ ಪಟ್ಟಿ ಮಾಡುವುದು, ನಕಲು ಮಾಡುವುದು, ಮೌಂಟ್ ಮಾಡುವುದು, ಹೀಗೆ ಹತ್ತಾರು ಬೇರೆ ಬೇರೆ ಪ್ರೋಗ್ರಾಂಗಳನ್ನು ಅವರು ಒಂದೇ ಫೈಲಿಗೆ ಸೇರಿಸಿದರು. ಯಾವ ಹೆಸರಿನಿಂದ ಕರೆದರೆ ಆ ಕೆಲಸ ಮಾಡುತ್ತದೆ. ಅದೇ ಬಿಜಿಬಾಕ್ಸ್ ಇಂದು ಎಷ್ಟೋ ಮನೆಗಳ ವೈಫೈ ರೌಟರಿನೊಳಗೆ ಕೂತಿದೆ.

ಒಂದು ಫೋಲ್ಡರ್ ಮಾಡಿ, ಬಿಜಿಬಾಕ್ಸ್ ಇಟ್ಟು, ಇನಿಟ್ ಹೆಸರಿನ ಕೆಲವೇ ಸಾಲಿನ ಒಂದು ಸ್ಕ್ರಿಪ್ಟ್ ಬರೆದು, ಎಲ್ಲವನ್ನೂ ಸಿಪಿಯೋ ಎಂಬ ಹಳೆಯ ವಿಧಾನದಲ್ಲಿ ಗಂಟು ಕಟ್ಟಿದೆವು. ಅದರಲ್ಲೂ ‘ನ್ಯೂಸಿ’ ಎಂಬ ನಮೂನೆಯೇ ಆಗಬೇಕು, ಬೇರೆಯದಾದರೆ ಕರ್ನಲ್ ಬಿಚ್ಚಿಕೊಳ್ಳುವುದಿಲ್ಲ. ಗಂಟನ್ನು ಫೋಲ್ಡರಿನ ಒಳಗೆ ಕೂತು ಕಟ್ಟಬೇಕು. ಹೊರಗಿನಿಂದ ಕಟ್ಟಿದರೆ ಇನಿಟ್ ಒಂದು ಮೆಟ್ಟಿಲು ಒಳಗೆ ಸರಿದುಬಿಡುತ್ತದೆ, ಕರ್ನಲ್ಲಿಗೆ ಸಿಗುವುದಿಲ್ಲ, ಮತ್ತೆ ಅದೇ (0,0). ಅಂದರೆ ಗಂಟು ಬಂದಿದ್ದರೂ ಅದರ ಬಾಯಲ್ಲಿ ಇನಿಟ್ ಕಾಣದಿದ್ದರೆ ಕೂಗು ಒಂದೇ.

ಇಲ್ಲಿಂದ ಮುಂದೆ ನಾವು ಬೇಕೆಂದೇ ಒಂದೊಂದನ್ನು ಕಿತ್ತು, ಕರ್ನಲ್ ಯಾವುದಕ್ಕೆ ಏನು ಹೇಳುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಇನಿಟ್‌ಗೆ ಓಡುವ ಅನುಮತಿ ತೆಗೆದರೆ ‘ಎರರ್ ಮೈನಸ್ 13’. 32 ಬಿಟ್ ಕರ್ನಲ್ಲಿಗೆ 64 ಬಿಟ್ಟಿನ ಬಿಜಿಬಾಕ್ಸ್ ಕೊಟ್ಟರೆ ‘ಮೈನಸ್ 8’, ಅಂದರೆ ಈ ಭಾಷೆ ನನಗೆ ಬರುವುದಿಲ್ಲ ಅಂತ. ಎಲ್ಲಕ್ಕಿಂತ ತಲೆ ತಿನ್ನುವುದು ‘ಮೈನಸ್ 2’. ಅದರ ಅರ್ಥ ‘ಅಂಥ ಫೈಲಿಲ್ಲ’. ನೋಡಿದರೆ ಫೈಲ್ ಅಲ್ಲೇ ಇರುತ್ತದೆ, ಹೆಸರೂ ಸರಿ, ಅನುಮತಿಯೂ ಸರಿ! ಇಲ್ಲದಿರುವುದು ಆ ಫೈಲ್ ಅಲ್ಲ, ಅದನ್ನು ಓಡಿಸಲು ಬೇಕಾದ ಇನ್ನೊಂದು ಫೈಲ್. ಸಾಮಾನ್ಯವಾಗಿ ಪ್ರೋಗ್ರಾಂಗಳು ತಮ್ಮ ಅರ್ಧ ಸರಕನ್ನು ಹಂಚಿಕೊಂಡ ಲೈಬ್ರರಿಗಳಿಂದ ಎರವಲು ತರುತ್ತವೆ. ನಮ್ಮ ಪುಟಾಣಿ ಗಂಟಿನಲ್ಲಿ ಆ ಲೈಬ್ರರಿಗಳಿಲ್ಲ. ಅದಕ್ಕೆ ‘ಸ್ಟ್ಯಾಟಿಕ್’ ಆಗಿ ಕಟ್ಟಿದ, ಯಾರಿಂದಲೂ ಎರವಲು ಬೇಡದ ಬಿಜಿಬಾಕ್ಸೇ ಬೇಕು. ಈ ಮೈನಸ್ 2ರ ಮುಂದೆ ರಾತ್ರಿಗಟ್ಟಲೆ ಕೂತವರು ಲೋಕದಲ್ಲಿ ಎಷ್ಟು ಜನರಿರಬಹುದೋ.

ಇನ್ನೊಂದು ತಮಾಷೆ. ಸ್ಕ್ರಿಪ್ಟ್ ಎಲ್ಲ ಕೆಲಸ ಮುಗಿಸಿ ಕೊನೆಯ ಸಾಲು ದಾಟಿದ ಕೂಡಲೇ ಕರ್ನಲ್ ಪ್ಯಾನಿಕ್: ‘ಅಟೆಂಪ್ಟೆಡ್ ಟು ಕಿಲ್ ಇನಿಟ್’. ಪಕ್ಕದಲ್ಲಿ ಎಕ್ಸಿಟ್ ಕೋಡ್ ಬರೀ ಸೊನ್ನೆ, ಅಂದರೆ ತಪ್ಪೇನೂ ನಡೆದಿಲ್ಲ. ಇನಿಟ್ ಮನೆಯ ಹಿರಿಯನಿದ್ದ ಹಾಗೆ, ಎಲ್ಲ ಸರಿಯಾಗಿದೆ ಅಂತಲೂ ಅವನು ಎದ್ದು ಹೋಗುವಂತಿಲ್ಲ. ಕೊನೆಯಲ್ಲಿ ಒಂದು ಶೆಲ್ ತೆರೆದು, ಅಲ್ಲೇ ಕೂರುವಂತೆ ಸ್ಕ್ರಿಪ್ಟಿನಲ್ಲಿ ಹೇಳಬೇಕು.

ಮೌನದ ಬಗ್ಗೆಯೂ ಒಂದು ಮಾತು. ಕ್ಯೂಎಮುವನ್ನು ಕಿಟಕಿ ಇಲ್ಲದೆ, ಬರೀ ಟರ್ಮಿನಲ್‌ನಲ್ಲಿ ಓಡಿಸಿದರೆ ಕೆಲವು ಸಲ ಏನೂ ಕಾಣುವುದಿಲ್ಲ. ಸತ್ತೇಹೋಯಿತು ಅನ್ನಿಸುತ್ತದೆ. ನಿಜದಲ್ಲಿ ಕರ್ನಲ್ ಓಡುತ್ತಿರುತ್ತದೆ, ಮಾತೂ ಆಡುತ್ತಿರುತ್ತದೆ, ಮೈಕ್ ಮಾತ್ರ ಇನ್ನೊಂದು ಕೋಣೆಯಲ್ಲಿದೆ. ‘ಕನ್ಸೋಲ್’ ಅನ್ನುವ ಸೂಚನೆಯಲ್ಲಿ ಸೀರಿಯಲ್ ಪೋರ್ಟಿನ ಹೆಸರು ಕೊಟ್ಟರೆ ಮಾತೆಲ್ಲ ನಮ್ಮ ಕಡೆ ಹರಿಯುತ್ತದೆ. ಅದೂ ಒಳ್ಳೆಯದೇ, ಯಾಕೆಂದರೆ ಆಗ ಸಂದೇಶಗಳನ್ನು ಒಂದು ಫೈಲಿಗೆ ಉಳಿಸಿ ಮೇಲಿನಿಂದ ನಿಧಾನ ಓದಬಹುದು. ಪ್ಯಾನಿಕ್ ಆದಾಗ ಪರದೆಯಲ್ಲಿ ಉಳಿಯುವುದು ಕೊನೆಯ ಗದ್ದಲ. ಮೊದಲ ದೂರು ಹತ್ತಿಪ್ಪತ್ತು ಸಾಲು ಮೇಲೆ ಇರುತ್ತದೆ, ಅಷ್ಟರಲ್ಲಿ ಸರಿದು ಹೋಗಿರುತ್ತದೆ. ಮುಖ್ಯವಾದದ್ದನ್ನು ಮೊದಲ ಪ್ಯಾರಾದಲ್ಲೇ ಹೇಳಿ ಅಂತ ನಮಗೆ ಕಲಿಸಿದ್ದರು. ಕರ್ನಲ್ ಆ ತರಗತಿಗೆ ಬಂದಿಲ್ಲ, ತಲೆಬರಹವನ್ನು ಕೊನೆಗೆ ಹಾಕುತ್ತದೆ.

ಐದನೇ ದಿನ ಪರದೆಯ ಮೇಲೆ ಒಂದು ಹ್ಯಾಷ್ ಗುರುತು ಮಿನುಗಿತು. ಪಕ್ಕದಲ್ಲಿ ‘ಟಿಟಿವೈ ಸಿಗಲಿಲ್ಲ, ಜಾಬ್ ಕಂಟ್ರೋಲ್ ಇಲ್ಲ’ ಅಂತ ಒಂದು ಗೊಣಗಾಟ, ಅದರಿಂದ ತೊಂದರೆಯಿಲ್ಲ. ಪ್ರೊಕ್, ಡೆವ್‌ಟಿಎಂಪಿಎಫ್‌ಎಸ್ ಎರಡನ್ನು ಮೌಂಟ್ ಮಾಡಿದ ಮೇಲೆ ಡಿಸ್ಕಿನ ಹೆಸರೂ ಕಾಣಿಸಿತು. ಕರ್ನಲ್ಲು, ಗಂಟು ಎರಡೂ ಸೇರಿ 15 ಎಂಬಿಗಿಂತ ಕಡಿಮೆ. ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಬರುವ ಒಂದು ಶುಭೋದಯ ವೀಡಿಯೊ ಅಷ್ಟಿರುತ್ತದೆ.

ಇನ್ನು ಲ್ಯಾಪ್‌ಟಾಪಿಗೆ ಹೋಗಬಹುದಿತ್ತು. ಒಬ್ಬರು ತಡೆದರು. ‘ಡಿಸ್ಕಿಗೆ ಏನೂ ಬರೆಯಲ್ಲ ಅಂತ ಗ್ಯಾರಂಟಿ ಏನು?’ ‘ರೀಡ್ ಓನ್ಲಿ ಅಂತ ಮೌಂಟ್ ಮಾಡ್ತೀವಲ್ಲ.’ ‘ಅದನ್ನೂ ಪರೀಕ್ಷೆ ಮಾಡೋಣ.’

ಈ ಪರೀಕ್ಷೆ ಇಡೀ ಕೆಲಸದಲ್ಲಿ ನಮಗೆ ಅತ್ಯಂತ ಇಷ್ಟವಾದದ್ದು. ವರ್ಚುವಲ್ ಡಿಸ್ಕಿಗೆ ಫೈಲುಗಳನ್ನು ಬರೆಯುತ್ತಿರುವಾಗಲೇ ಮಶೀನನ್ನು ಹಠಾತ್ತಾಗಿ ಕೊಂದೆವು, ಕರೆಂಟ್ ಹೋದಂತೆ. ಆ ಡಿಸ್ಕ್ ಫೈಲಿನ ಚೆಕ್‌ಸಮ್ ತೆಗೆದು ಬರೆದಿಟ್ಟುಕೊಂಡೆವು. ಚೆಕ್‌ಸಮ್ ಅಂದರೆ ಇಡೀ ಫೈಲಿನ ಬೆರಳಚ್ಚು, ಒಂದು ಬಿಟ್ ಬದಲಾದರೂ ಅದು ಬೇರೆಯಾಗುತ್ತದೆ. ಆಮೇಲೆ ನಮ್ಮ ಪುಟಾಣಿ ಲಿನಕ್ಸಿನಲ್ಲಿ ‘ರೀಡ್ ಓನ್ಲಿ’ ಎಂದೇ ಮೌಂಟ್ ಮಾಡಿ, ಏನನ್ನೂ ಮುಟ್ಟದೆ ಆಫ್ ಮಾಡಿ, ಮತ್ತೆ ಬೆರಳಚ್ಚು ತೆಗೆದೆವು. ಬದಲಾಗಿತ್ತು!

ಕಾರಣ ಕರ್ನಲ್ ಸಂದೇಶಗಳಲ್ಲೇ ಇತ್ತು. ನಮ್ಮ ಡಿಸ್ಕುಗಳ ಎಕ್ಸ್‌ಟಿ4 ಫೈಲ್‌ಸಿಸ್ಟಮ್ ಒಂದು ದಿನಚರಿ ಇಟ್ಟುಕೊಂಡಿರುತ್ತದೆ, ಜರ್ನಲ್ ಅಂತ. ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಕೆಲಸಗಳು ಅದರಲ್ಲಿರುತ್ತವೆ. ಮುಂದಿನ ಸಲ ಮೌಂಟ್ ಮಾಡಿದಾಗ, ರೀಡ್ ಓನ್ಲಿ ಅಂದಿದ್ದರೂ, ಮೊದಲು ಆ ಬಾಕಿ ಕೆಲಸ ಮುಗಿಸಿಕೊಳ್ಳುತ್ತದೆ. ಚೇತರಿಕೆ ನಡೆಯುವಾಗ ಬರೆಯುವ ಅವಕಾಶ ತೆರೆಯುತ್ತೇನೆ ಅಂತ ಹೇಳಿಯೇ ಮಾಡುತ್ತದೆ. ದಿನನಿತ್ಯದ ಬಳಕೆಗೆ ಇದು ಒಳ್ಳೆಯದೇ. ಸಾಯುತ್ತಿರಬಹುದಾದ ಡಿಸ್ಕಿಗೆ ಬೇಡ. ‘ನೋಲೋಡ್’ ಅನ್ನುವ ಇನ್ನೊಂದು ಪದವನ್ನೂ ಸೇರಿಸಿದರೆ ದಿನಚರಿಯನ್ನು ತೆರೆಯುವುದಿಲ್ಲ. ಮತ್ತೊಂದು ಡಿಸ್ಕ್ ಕೊಂದು ಅದೇ ಪರೀಕ್ಷೆ ಮಾಡಿದೆವು. ಬೆರಳಚ್ಚು ಒಂದಿನಿತೂ ಬದಲಾಗಲಿಲ್ಲ. ಇನಿಟ್ ಸ್ಕ್ರಿಪ್ಟಿನಲ್ಲಿ ಆ ಎರಡೂ ಪದಗಳನ್ನು ಸೇರಿಸಿ ಬರೆದೆವು.

ಪೆನ್‌ಡ್ರೈವಿಗೆ ಹಾಕಿದ ಮೇಲೆ ಆ ಪೆನ್‌ಡ್ರೈವನ್ನೇ ಕ್ಯೂಎಮುವಿಗೆ ಡಿಸ್ಕ್ ಅಂತ ಕೊಟ್ಟು ಏಳೆಂಟು ಸಲ ಎಬ್ಬಿಸಿ ನೋಡಿದೆವು. 11ನೇ ದಿನ ಯುಪಿಎಸ್ ಇರುವ ಗೆಳೆಯನ ಮನೆಗೆ ಲ್ಯಾಪ್‌ಟಾಪ್ ಒಯ್ದು, ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡಿದೆವು. ಅಕ್ಷರಗಳು ಸರಸರ ಓಡಿದವು. ನಡುವೆ ಒಂದು ಸಾಲಿನಲ್ಲಿ ಡಿಸ್ಕಿನ ಹೆಸರು, ಅದರ ಮುಂದೆ 160 ಜಿಬಿ. ಎಲ್ಲೂ ಐಓ ಎರರ್ ಇಲ್ಲ. ಮೌಂಟ್ ಆಯಿತು. ಬೂಟ್ ಫೋಲ್ಡರಿನಲ್ಲಿ ಹೊಸ ಕರ್ನಲ್ ಪೂರ್ತಿ ಇತ್ತು. ಅದರ ಪಕ್ಕದ ಗಂಟಿನ ಅಳತೆ: 0 ಬೈಟ್.

ಮೊದಲು ನಕಲು. ಹೊರಗಿನ ಹಾರ್ಡ್ ಡಿಸ್ಕಿಗೆ ಧ್ವನಿಗಳೆಲ್ಲ ಹೋಗಲು ಒಂದು ಗಂಟೆಯ ಮೇಲೆ ಹಿಡಿಯಿತು. ಅದು ಮುಗಿದ ಮೇಲೆಯೇ ಪೆನ್‌ಡ್ರೈವ್ ತೆಗೆದು, ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಿಂದಿನ ಕರ್ನಲ್ ಆರಿಸಿಕೊಂಡೆವು. ಅದರ ಗಂಟು ನೆಟ್ಟಗಿತ್ತು, ಡೆಬಿಯನ್ ಎದ್ದಿತು. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಮುಂದುವರಿಸಿ, ‘ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್’ ಕಮಾಂಡ್ ಕೊಟ್ಟು ಹೊಸ ಗಂಟು ಕಟ್ಟಿಸಿದೆವು. ಖರ್ಚು: ಏನೂ ಇಲ್ಲ. ನಿಮ್ಮ ಯಂತ್ರದಲ್ಲೂ ಅಪ್‌ಡೇಟ್ ಆದ ಮೇಲೆ ಇದೇ (0,0) ಕಂಡರೆ ಮೊದಲು ನೋಡಬೇಕಾದ್ದು ಈ ಹಿಂದಿನ ಕರ್ನಲ್ಲನ್ನೇ. ಒಳಗಿರುವುದು ಬೆಲೆಬಾಳುವಂಥದ್ದಾಗಿದ್ದು ಡಿಸ್ಕಿನ ಮೇಲೆ ಅನುಮಾನವಿದ್ದರೆ ಮಾತ್ರ ನಕಲು ಮೊದಲು. ಫಾರ್ಮ್ಯಾಟ್ ಅನ್ನುವ ಮಾತು ಬರಬೇಕಾದ್ದು ಇದೆಲ್ಲ ಆದ ಮೇಲೆ.

ಅಂಗಡಿಯಣ್ಣನಿಗೂ ತೋರಿಸಿದೆವು. ಅವರಿಗೆ ಬೇಸರವೇನೂ ಆಗಲಿಲ್ಲ. ದಿನಕ್ಕೆ ಹತ್ತಾರು ಯಂತ್ರ ನೋಡುವವರಿಗೆ ಒಂದಕ್ಕೆ ಅರ್ಧ ನಿಮಿಷವೇ ಹೆಚ್ಚು. ‘ಆ ಪೆನ್‌ಡ್ರೈವ್ ನಂಗೂ ಒಂದು ಹಾಕ್ಕೊಡಿ’ ಅಂದರು. ಹಾಕಿಕೊಟ್ಟಿದ್ದೇವೆ. ಜೊತೆಗೆ ನೋಟ್‌ಬುಕ್ಕಿನ ಆ ಮೈನಸ್ ನಂಬರುಗಳ ಪುಟದ ಫೋಟೋ ಕೂಡ.

ಒಂದು ವಿಷಯ ಉಳಿಯಿತು. ನಮ್ಮ ಪುಟಾಣಿ ಲಿನಕ್ಸಿಗೆ ಕನ್ನಡ ಬರುವುದಿಲ್ಲ. ನಾವು ಧ್ವನಿ ಫೈಲುಗಳಿಗೆಲ್ಲ ಅಜ್ಜಂದಿರ ಹೆಸರು, ಕೆರೆಯ ಹೆಸರು ಕನ್ನಡದಲ್ಲೇ ಇಟ್ಟಿದ್ದೆವು. ನಮ್ಮ ಬಿಜಿಬಾಕ್ಸ್ ಅಷ್ಟನ್ನೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ತೋರಿಸಿತು. ಒಂದು ಕ್ಷಣ ಎದೆ ಧಸಕ್ಕೆಂದಿತು. ಹೆಸರುಗಳು ಕೆಟ್ಟಿರಲಿಲ್ಲ, ಅದಕ್ಕೆ ತೋರಿಸಲು ಬರುತ್ತಿರಲಿಲ್ಲ ಅಷ್ಟೆ. ನಕಲು ಮಾಡುವ ಡಿಸ್ಕನ್ನೂ ಎಕ್ಸ್‌ಟಿ4ನಲ್ಲೇ ಫಾರ್ಮ್ಯಾಟ್ ಮಾಡಿದ್ದರಿಂದ ಬೈಟುಗಳು ಇದ್ದ ಹಾಗೇ ದಾಟಿದವು. ಸಾಮಾನ್ಯ ಪೆನ್‌ಡ್ರೈವಿನ ಫ್ಯಾಟ್ ವ್ಯವಸ್ಥೆಗೆ ಹಾಕುವುದಿದ್ದರೆ ಯುಟಿಎಫ್8 ಅಂತ ಹೇಳಿ ಮೌಂಟ್ ಮಾಡಬೇಕು, ಇಲ್ಲವೇ ಎಲ್ಲವನ್ನೂ ಒಂದು ಟಾರ್ ಫೈಲಿಗೆ ಕಟ್ಟಬೇಕು. ಇಲ್ಲದಿದ್ದರೆ ಕನ್ನಡ ಹೆಸರುಗಳು ನಿಜವಾಗಿಯೇ ಕಲಸಿಹೋಗುತ್ತವೆ.

ನಕಲು ನಡೆಯುತ್ತಿದ್ದಷ್ಟು ಹೊತ್ತು ಆ ಪ್ರಶ್ನಾರ್ಥಕ ಚಿಹ್ನೆಗಳಲ್ಲಿ ಯಾರ ಧ್ವನಿ ಯಾವುದು ಅಂತ ತಾರೀಖು ಮತ್ತು ಅಳತೆ ನೋಡಿ ಗುರುತು ಹಿಡಿಯುತ್ತ ಕೂತಿದ್ದೆವು. ಕಾರ್ತಿಕದ ತಾರೀಖಿನದು, ಎಲ್ಲಕ್ಕಿಂತ ದೊಡ್ಡದು, ತೂಬಿನ ಮೇಲೆ ಕೂತು ಮೂರು ಗಂಟೆ ಮಾತಾಡಿದ ಅಜ್ಜನದು. ಈಗ ಅದು ಮೂರು ಕಡೆ ಇದೆ, ಒಂದು ಅವರ ಮೊಮ್ಮಗನ ಫೋನಿನಲ್ಲಿ.